ಕಾರಿನ ಕೀಯ ಸೆಲ್ ತೆಗೆದರೆ ಕೋಡ್ ಅಳಿಸಿಹೋಗುತ್ತದೆಯೇ?

ಪ್ರಶ್ನೆ: ನಮ್ಮದು 2020ರ ಹ್ಯುಂಡೈ ಕ್ರೆಟಾ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ಒಂದು ವಾರದಿಂದ ಕೀ ಬ್ಯಾಟರಿ ಕಡಿಮೆಯಾಗಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ತೋರಿಸುತ್ತಿದೆ. ಲಾಕ್ ಮಾಡಲು ಬಾಗಿಲ ಹತ್ತಿರವೇ ನಿಂತು ಎರಡು ಮೂರು ಸಲ ಒತ್ತಬೇಕು. ಪರಿಚಯದ ಗ್ಯಾರೇಜಿನವರು "ನೀವೇ ಬಿಚ್ಚಬೇಡಿ, ಸೆಲ್ ತೆಗೆದರೆ ಕೋಡ್ ಅಳಿಸಿಹೋಗುತ್ತದೆ, ಮತ್ತೆ ಪ್ರೋಗ್ರಾಂ ಮಾಡಿಸಬೇಕಾಗುತ್ತದೆ" ಎಂದರು. ಇದು ನಿಜವೇ? ಮನೆಯಲ್ಲಿ ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಇನ್ನೊಂದು ಹಳೆಯ ಕಾರೂ ಇದೆ. ಅದರ ರಿಮೋಟಿಗೂ ಇದೇ ಸೆಲ್ ಆಗುತ್ತದೆಯೇ?

ಉತ್ತರ: ಅಳಿಸಿಹೋಗುವುದಿಲ್ಲ. ಸೆಲ್ ತೆಗೆದು ಒಂದು ನಿಮಿಷ ಬಿಟ್ಟರೂ ಅಷ್ಟೇ, ಒಂದು ತಿಂಗಳು ಬಿಟ್ಟರೂ ಅಷ್ಟೇ, ಕ್ರೆಟಾದ ಕೀ ತನ್ನ ಗುರುತನ್ನು ಕಳೆದುಕೊಳ್ಳುವುದಿಲ್ಲ. ನಿಮಗೆ ಬೇಕಾಗಿರುವುದು ಒಂದು ಸಿಆರ್2032 ಸೆಲ್, ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಹತ್ತು ನಿಮಿಷ. ಹಳೆಯ ಕಾರಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಎಚ್ಚರ ತಪ್ಪಿದರೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲುವ ಸಾಧ್ಯತೆ ನಿಜವಾಗಿಯೂ ಇದೆ. ಆದರೆ ಅದಕ್ಕೆ ಕಾರಣ ಸೆಲ್ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಒಂದು ಕೀಯೊಳಗೆ ಎರಡು ಬೇರೆ ಬೇರೆ ಕೆಲಸಗಾರರು ಇದ್ದಾರೆ ಎಂದುಕೊಳ್ಳಿ. ಒಬ್ಬ ರಿಮೋಟ್. ನೀವು ಬಟನ್ ಒತ್ತಿದಾಗ, ಅಥವಾ ಬಾಗಿಲ ಹಿಡಿ ಮುಟ್ಟಿದಾಗ, ಕಾರಿಗೆ ರೇಡಿಯೋ ಸಂದೇಶ ಕಳಿಸುವವನು. ನಮ್ಮ ದೇಶದ ಕಾರುಗಳಲ್ಲಿ ಇದು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಇವನಿಗೆ ಸೆಲ್ ಬೇಕೇ ಬೇಕು. ಇನ್ನೊಬ್ಬ ಇಮ್ಮೊಬಿಲೈಸರ್ ಚಿಪ್. ಇಂಜಿನ್ ಸ್ಟಾರ್ಟ್ ಆಗಲು ಅನುಮತಿ ಕೊಡಿಸುವವನು. ಇವನಿಗೆ ಸೆಲ್ ಬೇಡ. ಸ್ಟಾರ್ಟ್ ಬಟನ್ನಿನ ಸುತ್ತ, ಅಥವಾ ಕೀ ಹಾಕುವ ಲಾಕಿನ ಸುತ್ತ, ತಂತಿಯ ಸುರುಳಿಯೊಂದಿರುತ್ತದೆ. ಅದು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಕರೆಂಟ್ ಹೀರಿಕೊಂಡು ಎಚ್ಚರಗೊಂಡು ತನ್ನ ಗುರುತು ಹೇಳುತ್ತದೆ. ಮೆಟ್ರೋ ಕಾರ್ಡನ್ನು ಗೇಟಿಗೆ ತೋರಿಸಿದಾಗ ಆಗುವುದೂ ಇದೇ ಬಗೆಯ ಕೆಲಸ. ಮೆಟ್ರೋ ಕಾರ್ಡಿಗೆ ಯಾರೂ ಸೆಲ್ ಹಾಕುವುದಿಲ್ಲ.

ರಿಮೋಟಿನ ಕೋಡ್ ಕೂಡ ಸೆಲ್ಲನ್ನು ನೆಚ್ಚಿಕೊಂಡಿಲ್ಲ. ಅದು ಪೆನ್ ಡ್ರೈವಿನಲ್ಲಿ ಫೋಟೋ ಉಳಿಯುವ ಹಾಗೆ, ಕರೆಂಟ್ ಇಲ್ಲದೆಯೂ ಉಳಿಯುವ ನೆನಪಿನಲ್ಲಿರುತ್ತದೆ. ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? ಹಳೆಯ ಕೆಲವು ಯುರೋಪಿಯನ್ ಕಾರುಗಳಲ್ಲಿ ಸೆಲ್ ಬದಲಿಸಿದ ಮೇಲೆ ಕೀಯನ್ನು ಇಗ್ನಿಷನ್‌ನಲ್ಲಿ ತಿರುಗಿಸಿ, ಬಟನ್ ಒತ್ತಿ, ರಿಮೋಟನ್ನು ಕಾರಿನ ಜೊತೆ ಮತ್ತೆ ಹೊಂದಿಸಬೇಕಿತ್ತು. ಅದು ಅರ್ಧ ನಿಮಿಷದ ಕೆಲಸ, ಹೊಸದಾಗಿ ಪ್ರೋಗ್ರಾಂ ಮಾಡುವುದಲ್ಲ. ಎರಡನೆಯ ಮೂಲ, ಬಿಚ್ಚುವಾಗ ಚಿಪ್ ಉದುರಿಸಿಕೊಂಡವರು. ಗಾಡಿ ಸ್ಟಾರ್ಟ್ ಆಗಲಿಲ್ಲ, ಕೋಡ್ ಹೋಯಿತು ಎಂದುಕೊಂಡರು.

ಮೊದಲು, ತಪ್ಪು ಸೆಲ್ಲಿನದೇ ಎಂದು ಖಾತ್ರಿ ಮಾಡಿಕೊಳ್ಳಿ

ನೀವು ಹೇಳಿದ ಲಕ್ಷಣ ಸ್ಪಷ್ಟವಾಗಿದೆ. ದೂರ ಕಡಿಮೆಯಾಗುತ್ತ ಬರುವುದು, ಎರಡೆರಡು ಸಲ ಒತ್ತಬೇಕಾಗುವುದು, ಬೆಳಗಿನ ಚಳಿಯಲ್ಲಿ ತೊಂದರೆ ಹೆಚ್ಚಾಗುವುದು, ಇವೆಲ್ಲ ಸೆಲ್ ಮುಗಿಯುವ ಗುರುತು. ಲಿಥಿಯಂ ಸೆಲ್ ಹಳತಾದಂತೆ ಅದರ ಒಳಪ್ರತಿರೋಧ ಏರುತ್ತದೆ, ಚಳಿಗೆ ಇನ್ನಷ್ಟು ಏರುತ್ತದೆ. ಸುಮ್ಮನೆ ಇಟ್ಟಾಗ 3 ವೋಲ್ಟ್ ತೋರಿಸುವ ಸೆಲ್, ರಿಮೋಟ್ ಸಂದೇಶ ಕಳಿಸುವ ಆ ಕ್ಷಣದ ಹೊರೆಗೆ ಕುಸಿದುಬಿಡುತ್ತದೆ.

ಆದರೂ ಎರಡನೇ ಕೀಯನ್ನು ಒಮ್ಮೆ ತಂದು ಪ್ರಯತ್ನಿಸಿ. ಅದು ದೂರದಿಂದಲೇ ಕೆಲಸ ಮಾಡಿದರೆ ಮೊದಲ ಕೀಯ ಸೆಲ್ಲೇ ತಪ್ಪಿತಸ್ಥ. ಎರಡೂ ಒಂದೇ ದಿನ ಕೈಕೊಟ್ಟಿದ್ದರೆ ಕೀ ಬಿಟ್ಟು ಕಾರಿನ ಕಡೆ ನೋಡಬೇಕು. ಕಾರಿನ 12 ವೋಲ್ಟ್ ಬ್ಯಾಟರಿ ಇಳಿದಿರಬಹುದು. ಒಂದು ನಿರ್ದಿಷ್ಟ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ತೊಂದರೆ ಎಂದಾದರೆ ಅಲ್ಲಿನ ಯಾವುದೋ ವೈರ್‌ಲೆಸ್ ಉಪಕರಣ ಅದೇ ತರಂಗದಲ್ಲಿ ಗಲಾಟೆ ಮಾಡುತ್ತಿರಬಹುದು. ಕಾರನ್ನು ಐವತ್ತು ಮೀಟರ್ ಆಚೆ ತಳ್ಳಿಯೋ ಓಡಿಸಿಯೋ ನೋಡಿದರೆ ಗೊತ್ತಾಗುತ್ತದೆ.

ಕೀಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಬಟನ್ ಒತ್ತಿ ಬೆಳಕು ಕಾಣುತ್ತದೆಯೇ ನೋಡಿ ಎಂಬ ಸಲಹೆಯೊಂದು ಓಡಾಡುತ್ತದೆ. ಅದು ಟಿವಿ ರಿಮೋಟಿಗೆ ಸರಿ, ಏಕೆಂದರೆ ಅದು ಇನ್‌ಫ್ರಾರೆಡ್ ಬೆಳಕು ಕಳಿಸುತ್ತದೆ. ಕಾರಿನ ಕೀ ಕಳಿಸುವುದು ರೇಡಿಯೋ ತರಂಗ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ.

ಮಲ್ಟಿಮೀಟರ್ ಇದ್ದವರಿಗೆ ಒಂದು ಮಾತು. ಹೊಸ ಸೆಲ್ 3.2 ವೋಲ್ಟ್ ಹತ್ತಿರ ತೋರಿಸುತ್ತದೆ. ಹಳೆಯದು 2.9 ತೋರಿಸಿತು ಎಂದು ಚೆನ್ನಾಗಿದೆ ಎನ್ನಬೇಡಿ. 220 ಓಮ್‌ನ ಒಂದು ರೆಸಿಸ್ಟರನ್ನು ಸೆಲ್ಲಿನ ಎರಡು ಮುಖಕ್ಕೆ ಒಂದೆರಡು ಸೆಕೆಂಡ್ ಮುಟ್ಟಿಸಿ, ಆಗ ವೋಲ್ಟೇಜ್ ನೋಡಿ. ಸುಮಾರು 13 ಮಿಲಿಆಂಪ್ ಹರಿಯುತ್ತದೆ, ರಿಮೋಟ್ ಸಂದೇಶ ಕಳಿಸುವಾಗ ಬೀಳುವ ಹೊರೆಗೆ ಇದು ಹತ್ತಿರ. ಆ ಹೊರೆಯಲ್ಲೂ 2.8ರ ಮೇಲೆ ನಿಂತರೆ ಸೆಲ್ ಗಟ್ಟಿ. 2.4ಕ್ಕಿಂತ ಕೆಳಗಿಳಿದರೆ ಅದರ ಕಾಲ ಮುಗಿಯಿತು.

ಸೆಲ್ಲಿನ ಹೆಸರಲ್ಲೇ ಅಳತೆ ಇದೆ

ಸಿಆರ್2032 ಎಂಬುದು ಕಂಪನಿಯ ಮಾಡೆಲ್ ನಂಬರ್ ಅಲ್ಲ, ಅಳತೆ. ಸಿ ಎಂದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬಗೆಯ ಸೆಲ್, ಆರ್ ಎಂದರೆ ದುಂಡಗಿನದು. ಮೊದಲ ಎರಡಂಕಿ ಅಗಲ, 20 ಮಿಲಿಮೀಟರ್. ಕೊನೆಯ ಎರಡಂಕಿ ದಪ್ಪ, 3.2 ಮಿಲಿಮೀಟರ್. ಹಾಗೆಯೇ ಸಿಆರ್2025 ಎಂದರೆ ಅದೇ ಅಗಲ, 2.5 ಮಿಲಿಮೀಟರ್ ದಪ್ಪ. ಸಿಆರ್1620 ಎಂದರೆ 16 ಅಗಲ, 2 ದಪ್ಪ. ವೋಲ್ಟೇಜ್ ಎಲ್ಲದಕ್ಕೂ 3. ಹಾಗಾಗಿಯೇ ಅಂಗಡಿಯಲ್ಲಿ "ಇದೂ ಆಗುತ್ತೆ ತಗೊಳ್ಳಿ" ಎಂದು ಕೊಡುವವರಿದ್ದಾರೆ.

ಆಗುವುದಿಲ್ಲ. 2032ರ ಜಾಗಕ್ಕೆ 2025 ಹಾಕಿದರೆ 0.7 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಮೇಜಿನ ಮೇಲೆ ಕೆಲಸ ಮಾಡುತ್ತದೆ, ಜೇಬಿನಲ್ಲಿ ಅಲುಗಾಡಿದಾಗ ಸಂಪರ್ಕ ಬಿಡುತ್ತದೆ. ಆ ಸಡಿಲ ತುಂಬಲು ಬೆಳ್ಳಿಕಾಗದ ಮಡಚಿ ಇಡುವುದು ಇನ್ನೂ ಕೆಟ್ಟದ್ದು. ಅದು ಜಾರಿ ಸೆಲ್ಲಿನ ಅಂಚಿಗೂ ತಳಕ್ಕೂ ಒಟ್ಟಿಗೆ ತಾಗಿದರೆ ಶಾರ್ಟ್. ತದ್ವಿರುದ್ಧವಾಗಿ, 2025ರ ಜಾಗಕ್ಕೆ 2032 ತುರುಕಿದರೆ ಸ್ಪ್ರಿಂಗ್ ಪಟ್ಟಿ ಬಗ್ಗಿ ಕೂರುತ್ತದೆ. ಆಮೇಲೆ ಸರಿಯಾದ ಸೆಲ್ ಹಾಕಿದರೂ ಹಿಡಿಯುವುದಿಲ್ಲ. ಸಾಮರ್ಥ್ಯವೂ ಬೇರೆ: 2032ರಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇದ್ದರೆ 2025ರಲ್ಲಿ 160ರ ಆಸುಪಾಸು.

ಎಲ್‌ಐಆರ್2032 ಎಂದು ಬರೆದ ಸೆಲ್ ಕಂಡರೆ ದೂರವಿಡಿ. ಗಾತ್ರ ಅದೇ, ಆದರೆ ಅದು ಚಾರ್ಜ್ ಮಾಡುವ ಸೆಲ್. ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗೆ ಮಾಡಿದ ಕೀಯೊಳಗೆ ಅದಕ್ಕೆ ಕೆಲಸವಿಲ್ಲ.

ಬಿಡಿಯಾಗಿ ಡಬ್ಬಿಯಿಂದ ತೆಗೆದು ಕೊಡುವ ಸೆಲ್ ಬೇಡ. ಅಂಥ ಡಬ್ಬಿಯಲ್ಲಿ ಸೆಲ್‌ಗಳು ಒಂದಕ್ಕೊಂದು ತಾಗಿ ಅಂಗಡಿಯಲ್ಲೇ ಅರ್ಧ ಇಳಿದಿರುತ್ತವೆ. ಒಂದೊಂದೇ ಗುಳ್ಳೆಯಲ್ಲಿ ಕೂತ, ಹಿಂಬದಿ ಕೊನೆಯ ದಿನಾಂಕ ಅಚ್ಚಾದ, ಪರಿಚಿತ ಬ್ರಾಂಡಿನ ಪ್ಯಾಕ್ ತೆಗೆದುಕೊಳ್ಳಿ. ಒಳ್ಳೆಯ ಸೆಲ್ ಸುಮ್ಮನೆ ಇಟ್ಟರೆ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಇಳಿಯುತ್ತದೆ, ಹಾಗಾಗಿ ಎರಡು ವರ್ಷ ಹಿಂದೆ ತಯಾರಾದದ್ದಾದರೂ ಅಡ್ಡಿಯಿಲ್ಲ. ಮಕ್ಕಳು ನುಂಗದಿರಲೆಂದು ಕಹಿ ಲೇಪನ ಹಚ್ಚಿದ ಸೆಲ್‌ಗಳೂ ಸಿಗುತ್ತವೆ. ಉದ್ದೇಶ ತುಂಬ ಒಳ್ಳೆಯದು. ಆದರೆ ಆ ಲೇಪನ ಇರುವ ಜಾಗಕ್ಕೇ ಉಪಕರಣದ ಸ್ಪ್ರಿಂಗ್ ತಾಗಿದರೆ ಸಂಪರ್ಕ ಸಿಗದೆ ಹೋಗುವುದುಂಟು. ಹೊಸ ಸೆಲ್ ಹಾಕಿಯೂ ಕೀ ಸತ್ತಂತಿದ್ದರೆ ಸೆಲ್ಲನ್ನು ಸ್ವಲ್ಪ ತಿರುಗಿಸಿ ಕೂರಿಸಿ ನೋಡಿ.

ಕ್ರೆಟಾದ ಕೀ ಬಿಚ್ಚುವುದು

ಬೆಳಕಿರುವ ಕಡೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಬಿದ್ದದ್ದು ಕಾಣಬೇಕು, ಉರುಳಬಾರದು, ಅದಕ್ಕೇ ಬಟ್ಟೆ. ಕೈ ತೊಳೆದು ಒರೆಸಿಕೊಳ್ಳಿ.

ಕೀಯ ಪಕ್ಕದಲ್ಲಿರುವ ಸಣ್ಣ ಗುಂಡಿ ಒತ್ತಿ ಹಿಡಿದು ಒಳಗಿನ ಲೋಹದ ಕೀಯನ್ನು ಎಳೆದು ತೆಗೆಯಿರಿ. ಅದು ಕೂತಿದ್ದ ಜಾಗದೊಳಗೆ ನೋಡಿದರೆ ಎರಡು ಹೋಳು ಸೇರುವ ಗೆರೆಯಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಮೀಟಬೇಕಾದ ಜಾಗ ಅದೇ. ಎಷ್ಟೋ ಜನ ಲೋಹದ ಕೀ ತೆಗೆಯದೆಯೇ ಹೊರಗಿನ ಗೆರೆಗೆ ಚಾಕು ತೂರಿಸಿ ಅಂಚನ್ನೆಲ್ಲ ಕಚ್ಚುಕಚ್ಚು ಮಾಡಿಕೊಳ್ಳುತ್ತಾರೆ. ಚಾಕು ಜಾರಿದರೆ ಬೆರಳು ಕೊಯ್ಯುವುದು ಬೇರೆ.

ಸ್ಕ್ರೂಡ್ರೈವರಿನ ತುದಿ 4 ಅಥವಾ 5 ಮಿಲಿಮೀಟರ್ ಅಗಲ ಸಾಕು. ತುದಿಗೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ, ಇಲ್ಲವೇ ತೆಳು ಬಟ್ಟೆ ಹೊದಿಸಿ. ಸಂದಿನೊಳಗೆ ಎರಡು ಮೂರು ಮಿಲಿಮೀಟರ್ ಮಾತ್ರ ಇಳಿಸಿ, ಒಳಗೆ ಚುಚ್ಚಬೇಡಿ, ತಿರುಪಿ. ತಿರುಪುವುದಕ್ಕೂ ಚುಚ್ಚುವುದಕ್ಕೂ ಬಹಳ ವ್ಯತ್ಯಾಸವಿದೆ: ತಿರುಪಿದರೆ ಹೋಳುಗಳು ತಾವಾಗಿ ಅಗಲುತ್ತವೆ, ಚುಚ್ಚಿದರೆ ಒಳಗಿನ ರಬ್ಬರ್ ಸೀಲ್ ಹರಿಯುತ್ತದೆ ಅಥವಾ ಬೋರ್ಡಿನ ಮೇಲೆ ಗೀರು ಬೀಳುತ್ತದೆ. ಒಂದು ಕಡೆ ಟಕ್ಕೆಂದು ಬಿಟ್ಟ ಮೇಲೆ ಸ್ಕ್ರೂಡ್ರೈವರ್ ಪಕ್ಕಕ್ಕಿಟ್ಟು ಹಳೆಯ ಎಟಿಎಂ ಕಾರ್ಡಿನ ಮೂಲೆಯನ್ನು ಗೆರೆಯುದ್ದಕ್ಕೂ ಜಾರಿಸಿ. ಉಳಿದ ಕೊಂಡಿಗಳೂ ಬಿಡುತ್ತವೆ.

ಬಿಚ್ಚುವಾಗ ಬಟನ್‌ಗಳಿರುವ ಮುಖ ಕೆಳಗಿರಲಿ. ಮುಖ ಮೇಲಿದ್ದರೆ ಬೋರ್ಡು, ರಬ್ಬರ್ ಎಲ್ಲ ಒಟ್ಟಿಗೆ ಬಟ್ಟೆಯ ಮೇಲೆ ಬೀಳುತ್ತವೆ. ತೆರೆದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಸೆಲ್ಲಿನ ಯಾವ ಮುಖ ಮೇಲಿದೆ ಎಂಬುದು ಫೋಟೋದಲ್ಲಿ ಕಾಣಬೇಕು.

ಸೆಲ್ ತೆಗೆದು ಹಾಕುವುದು

ಸೆಲ್ಲನ್ನು ಹಲ್ಲುಕಡ್ಡಿಯಿಂದಲೋ ಪ್ಲಾಸ್ಟಿಕ್ ಚಮಚದ ಹಿಡಿಯಿಂದಲೋ ಎಬ್ಬಿಸಿ. ಲೋಹದ ಚಿಮುಟ ಬೇಡ. ಸೆಲ್ಲಿನ ಅಗಲವಾದ ಮುಖ ಮಾತ್ರವಲ್ಲ, ಅದರ ಸುತ್ತಲ ಅಂಚೂ ಪ್ಲಸ್. ಮೈನಸ್ ಇರುವುದು ಇನ್ನೊಂದು ಬದಿಯ ಸ್ವಲ್ಪ ಚಿಕ್ಕ ವೃತ್ತ ಮಾತ್ರ. ಲೋಹದ ಚಿಮುಟದಲ್ಲಿ ಅಡ್ಡಕ್ಕೆ ಹಿಡಿದರೆ ಎರಡನ್ನೂ ಜೋಡಿಸಿದಂತೆ. ಕ್ಲಿಪ್ಪಿನಿಂದ ದೂರದ ತುದಿಯಲ್ಲಿ ಎತ್ತಬೇಕು, ಕ್ಲಿಪ್ಪನ್ನೇ ಎತ್ತಬಾರದು. ಅದು ತೆಳು ತಗಡು, ಒಮ್ಮೆ ಮೇಲೆ ಬಗ್ಗಿದರೆ ಒತ್ತಡ ಕಳೆದುಕೊಳ್ಳುತ್ತದೆ.

ತೆಗೆದ ಸೆಲ್ಲಿನ ಮೇಲಿನ ಸಂಖ್ಯೆ ಓದಿ. ಸಿಆರ್2032 ಇರಬೇಕು. ಹಿಂದೆ ಯಾರೋ ಬೇರೆ ಅಳತೆಯದನ್ನು ಹಾಕಿಟ್ಟಿರುವ ಸಾಧ್ಯತೆಯೂ ಇದೆ, ಹಾಗಾಗಿ ಕಾರಿನ ಕೈಪಿಡಿಯ ಜೊತೆ ತಾಳೆ ನೋಡಿ.

ಈಗ ಸಂಪರ್ಕದ ತಗಡುಗಳನ್ನು ನೋಡಿ. ಹೊಳೆಯುತ್ತಿದ್ದರೆ ಏನೂ ಮಾಡಬೇಡಿ. ಮಂಕಾಗಿದ್ದರೆ, ಹಸಿರು ಅಥವಾ ಬಿಳಿ ಪುಡಿ ಇದ್ದರೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಎಂದು ಕೇಳಿ. ಅದು ಐಸೋಪ್ರೊಪೈಲ್ ಆಲ್ಕೋಹಾಲ್. ಕಿವಿಕಡ್ಡಿಗೆ ಒಂದು ಹನಿ ಹಾಕಿ ಒರೆಸಿ, ಎರಡು ನಿಮಿಷ ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬಳಸಬೇಡಿ, ಅದರಲ್ಲಿರುವ ಗ್ಲಿಸರಿನ್ ಅಂಟಾಗಿ ಉಳಿಯುತ್ತದೆ. ಸ್ಯಾಂಡ್‌ಪೇಪರ್ ಉಜ್ಜಿದರೆ ಮೇಲಿನ ಲೇಪನ ಹೋಗಿ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ. ಗಟ್ಟಿ ಕಲೆ ಇದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿಬಿಡಿ.

ಹೊಸ ಸೆಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಜಿಡ್ಡು ಸೆಲ್ಲನ್ನು ಕೊಲ್ಲುವುದಿಲ್ಲ, ಆದರೆ ನಮ್ಮ ಸೆಕೆಗೆ ಬೆವರಿನ ಉಪ್ಪು ವರ್ಷ ಕಳೆದಂತೆ ತಗಡಿನ ಮೇಲೆ ಕಲೆ ಬೀಳಿಸುತ್ತದೆ. ಫೋಟೋ ನೋಡಿ, ಅದೇ ಮುಖ ಮೇಲೆ ಬರುವಂತೆ, ಮೊದಲು ಕ್ಲಿಪ್ಪಿನ ಕೆಳಗೆ ಒಂದು ಅಂಚು ಜಾರಿಸಿ ಆಮೇಲೆ ಇನ್ನೊಂದು ಅಂಚು ಒತ್ತಿ. ಕೀಯ ಮೇಲೆ ಸಣ್ಣ ದೀಪವಿದ್ದರೆ, ಮುಚ್ಚುವ ಮೊದಲೇ ಒಂದು ಬಟನ್ ಒತ್ತಿ ಅದು ಮಿನುಗುತ್ತದೆಯೇ ನೋಡಿ. ಆಮೇಲೆ ರಬ್ಬರ್ ಸೀಲ್ ತನ್ನ ಕಾಲುವೆಯಲ್ಲೇ ಕೂತಿದೆಯೆಂದು ನೋಡಿ, ಸುತ್ತಲೂ ಒತ್ತಿ ಮುಚ್ಚಿ. ಪ್ರತಿ ಕೊಂಡಿಯ ಟಕ್ ಸದ್ದು ಕೇಳಬೇಕು. ಎಲ್ಲಾದರೂ ಕೂದಲೆಳೆಯಷ್ಟು ಸಂದು ಉಳಿದರೆ ಬಲ ಹಾಕದೆ ಮತ್ತೆ ತೆರೆಯಿರಿ, ಸೀಲ್ ಸಿಕ್ಕಿಕೊಂಡಿರುತ್ತದೆ. ಕರಾವಳಿಯವರು ಈ ಸೀಲಿನ ಬಗ್ಗೆ ಇನ್ನೂ ಹೆಚ್ಚು ಕಾಳಜಿ ಮಾಡಬೇಕು. ಮಂಗಳೂರು, ಕಾರವಾರದ ಉಪ್ಪು ತೇವದ ಗಾಳಿ ಒಳಹೊಕ್ಕರೆ ಒಂದು ಮಳೆಗಾಲದಲ್ಲೇ ತಗಡು ಹಸಿರಾಗುತ್ತದೆ.

ನಿಮ್ಮ ಹಳೆಯ ಕಾರಿನ ಕೀ: ಇಲ್ಲಿ ನಿಜವಾದ ಅಪಾಯವಿದೆ

ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳ ರಿಮೋಟಿಗೆ ಎಷ್ಟೋ ಸಲ 16 ಮಿಲಿಮೀಟರಿನ ಚಿಕ್ಕ ಸೆಲ್ ಇರುತ್ತದೆ. ಹಾಗಾಗಿ ಮೊದಲೇ 2032 ಕೊಂಡಿಡಬೇಡಿ. ಬಿಚ್ಚಿ ಅಥವಾ ಕೈಪಿಡಿ ನೋಡಿ, ಆಮೇಲೆ ಕೊಳ್ಳಿ.

ಈ ಬಗೆಯ ಕೀಯ ತಲೆಯನ್ನು ಒಂದು ಪುಟ್ಟ ಸ್ಕ್ರೂ ಹಿಡಿದಿರಬಹುದು, ಇಲ್ಲವೇ ಬರೀ ಕೊಂಡಿಗಳಿರಬಹುದು. ಸ್ಕ್ರೂ ಇದ್ದರೆ ಅದಕ್ಕೆ ಸರಿಹೊಂದುವ ಸಣ್ಣ ಸ್ಟಾರ್ ಸ್ಕ್ರೂಡ್ರೈವರೇ ಬೇಕು. ದೊಡ್ಡದರಲ್ಲಿ ತಿರುಗಿಸಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಉಳಿಯುತ್ತದೆ. ಒಳಗೆ ರಿಮೋಟಿನ ಬೋರ್ಡ್ ಒಂದು ಕಡೆ ಇದ್ದರೆ, ಇಮ್ಮೊಬಿಲೈಸರ್ ಚಿಪ್ ಹಲವು ಕೀಗಳಲ್ಲಿ ಬೇರೆಯೇ ತುಣುಕಾಗಿ ಒಂದು ಗುಳಿಯಲ್ಲಿ ಕೂತಿರುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ತುಂಡು, ಅಥವಾ ಸಣ್ಣ ಗಾಜಿನ ಕೊಳವೆ. ಅದಕ್ಕೆ ತಂತಿಯಿಲ್ಲ, ಬೆಸುಗೆಯಿಲ್ಲ, ಹಾಗಾಗಿ ಅದು ಮುರಿದ ಪ್ಲಾಸ್ಟಿಕ್ ಚೂರಿನಂತೆ ಕಾಣುತ್ತದೆ. ಕೀ ತೆರೆದಾಗ ಅದು ಉರುಳಿ ಬೀಳುತ್ತದೆ, ಗುಡಿಸಿ ಎಸೆಯುತ್ತಾರೆ. ಮರುದಿನ ರಿಮೋಟ್ ಬಾಗಿಲು ತೆರೆಯುತ್ತದೆ, ಸ್ಟಾರ್ಟರ್ ತಿರುಗಿದರೂ ಇಂಜಿನ್ ಹಿಡಿಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿನುಗುತ್ತದೆ.

ಬಿಳಿ ಬಟ್ಟೆ ಹಾಸಿ ಎಂದು ಮೊದಲೇ ಹೇಳಿದ್ದು ಮುಖ್ಯವಾಗಿ ಇದಕ್ಕೇ. ಚಿಪ್ ಬಿದ್ದರೆ ಗಾಬರಿ ಬೇಡ, ಅದೇ ಗುಳಿಯಲ್ಲಿ ಮತ್ತೆ ಕೂರಿಸಿದರೆ ಸಾಕು. ಗಾಜಿನದಾದರೆ ಚಿಮುಟದಲ್ಲಿ ಹಿಂಡಬೇಡಿ, ಒಡೆದರೆ ಮುಗಿಯಿತು. ಚಿಪ್ ಕಳೆದರೆ ಮಾತ್ರ ಹೊಸ ಚಿಪ್ ತರಿಸಿ ಕಾರಿಗೆ ಪರಿಚಯಿಸಬೇಕು, ಆಗ ಸಾವಿರಾರು ರೂಪಾಯಿ ಖರ್ಚಾಗುವುದು ನಿಜ. ಕೀಯ ಹೊರಕವಚ ಸವೆದಿದೆ ಎಂದು ಬೀದಿಬದಿಯಲ್ಲಿ ಹೊಸ ಕವಚ ಹಾಕಿಸುವವರೂ ಇದನ್ನೇ ನೆನಪಿಡಬೇಕು: ಹಳೆಯ ಕವಚ ಎಸೆಯುವ ಮೊದಲು ಚಿಪ್ ಹೊಸದಕ್ಕೆ ಬಂದಿದೆಯೇ ಎಂದು ಕಣ್ಣಾರೆ ನೋಡಬೇಕು.

ಕೆಲವು ಕೀಗಳಲ್ಲಿ ಸೆಲ್ಲನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಿಎಂಡಬ್ಲ್ಯು ಇ46 ಸರಣಿಯ ಕೀಯೊಳಗಿನದು ಹಾಗೆ, ಅದು ಕೀ ಇಗ್ನಿಷನ್‌ನಲ್ಲಿದ್ದಾಗ ಚಾರ್ಜ್ ಆಗುವ ಸೆಲ್. ಅಂಥದ್ದಕ್ಕೆ ಸಾಮಾನ್ಯ ಸಿಆರ್ ಸೆಲ್ ಬೆಸೆಯಬಾರದು, ಬೆಸುಗೆ ಬಲ್ಲವರಿಗೇ ಕೊಡಿ.

ಹೊಸ ಸೆಲ್ ಹಾಕಿಯೂ ಕೆಲಸ ಮಾಡದಿದ್ದರೆ

ನೂರಕ್ಕೆ ತೊಂಬತ್ತು ಪಾಲು ಸೆಲ್ ತಲೆಕೆಳಗಾಗಿರುತ್ತದೆ, ಅಥವಾ ಕ್ಲಿಪ್ ತಾಗುತ್ತಿರುವುದಿಲ್ಲ. ತಲೆಕೆಳಗೆ ಹಾಕಿದ್ದರಿಂದ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಸರಿಪಡಿಸಿದರೆ ಬದುಕುತ್ತದೆ. ಕ್ಲಿಪ್ ಸಡಿಲವಾಗಿದ್ದರೆ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮಾತ್ರ ಸೆಲ್ಲಿನ ಕಡೆಗೆ ಬಗ್ಗಿಸಿ. ಒಂದು ಬಟನ್ ಮಾತ್ರ ಕೆಲಸ ಮಾಡದೆ ಉಳಿದವು ಮಾಡುತ್ತಿದ್ದರೆ ಆ ಬಟನ್ನಿನ ಕೆಳಗಿನ ಸ್ವಿಚ್ಚಿನ ಬೆಸುಗೆ ಬಿಟ್ಟಿರಬಹುದು. ಬೀಳಿಸಿದ ಕೀಗಳಲ್ಲಿ ಇದು ಮಾಮೂಲು. ಮೊಬೈಲ್ ರಿಪೇರಿಯವರು ಐದು ನಿಮಿಷದಲ್ಲಿ ಹಾಕಿಕೊಡುವ ಬೆಸುಗೆ ಅದು.

ದೀಪ ಮಿನುಗುತ್ತದೆ, ಕಾರು ಮಾತ್ರ ಕೇಳುತ್ತಿಲ್ಲ ಎಂದಾದರೆ ಇನ್ನೊಂದು ಕಾರಣವಿರಬಹುದು. ರಿಮೋಟ್ ಪ್ರತಿ ಸಲವೂ ಹೊಸ ಕೋಡ್ ಕಳಿಸುತ್ತದೆ, ಕೀ ಮತ್ತು ಕಾರು ಎರಡೂ ಎಣಿಕೆ ಇಟ್ಟುಕೊಂಡಿರುತ್ತವೆ. ಕದ್ದು ಕೇಳಿದವರು ಅದೇ ಕೋಡನ್ನು ಮತ್ತೆ ಬಳಸದಿರಲೆಂದು ಈ ಏರ್ಪಾಡು. ಕೀ ಮನೆಯಲ್ಲಿ ಮಗುವಿನ ಕೈಗೆ ಸಿಕ್ಕಿ ನೂರಾರು ಸಲ ಒತ್ತಿಸಿಕೊಂಡರೆ ಎಣಿಕೆ ಮುಂದೆ ಓಡುತ್ತದೆ. ಬಹಳ ಬಳಕೆಯಲ್ಲಿದ್ದ ಕೀಲಾಕ್ ಎಂಬ ಪದ್ಧತಿಯಲ್ಲಿ ಕಾರು 16 ಎಣಿಕೆಯವರೆಗಿನ ಅಂತರವನ್ನು ತಕ್ಷಣ ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾದರೆ ಬೆನ್ನಿಗೆ ಬೆನ್ನು ಎರಡು ಕೋಡ್ ಬಂದಮೇಲೆ ಹೊಂದಿಕೊಳ್ಳುತ್ತದೆ. ಹಾಗಾಗಿ ಕಾರಿನ ಪಕ್ಕ ನಿಂತು ಎರಡು ಮೂರು ಸಲ ಒತ್ತಿ, ಆಗದಿದ್ದರೆ ಒಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡಿ ನೋಡಿ.

ದಾರಿಯಲ್ಲಿ ಸೆಲ್ ಪೂರ್ತಿ ಸತ್ತರೆ

ಲೋಹದ ಕೀಯಿಂದ ಚಾಲಕನ ಬಾಗಿಲು ತೆರೆಯಿರಿ. ಕೀ ತೂತು ಕಾಣದ ಕಾರುಗಳಲ್ಲಿ ಹಿಡಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅದು ಅಡಗಿರುತ್ತದೆ. ರಿಮೋಟಿನಲ್ಲಿ ಲಾಕ್ ಮಾಡಿದ ಗಾಡಿಯನ್ನು ಲೋಹದ ಕೀಯಿಂದ ತೆರೆದಾಗ ಸೈರನ್ ಕೂಗಬಹುದು. ಗಾಬರಿಯಾಗದೆ ಒಳಗೆ ಕೂತು ಸ್ಟಾರ್ಟ್ ಮಾಡಿ, ನಿಲ್ಲುತ್ತದೆ. ಸ್ಟಾರ್ಟ್ ಮಾಡುವುದು ಹೇಗೆಂದರೆ, ಬ್ರೇಕ್ ತುಳಿದು, ಮ್ಯಾನ್ಯುವಲ್ ಗೇರಾದರೆ ಕ್ಲಚ್ ಒತ್ತಿ, ಸ್ಟಾರ್ಟ್ ಬಟನ್ನನ್ನು ಬೆರಳಿನ ಬದಲು ಕೀಯಿಂದಲೇ ಒತ್ತಿ. ಹ್ಯುಂಡೈ, ಕಿಯಾ ಕಾರುಗಳಲ್ಲಿ ಹೀಗೆ. ಟೊಯೊಟಾದಲ್ಲಿ ಕೀಯ ಲಾಂಛನವಿರುವ ಬದಿಯನ್ನು ಬಟನ್ನಿಗೆ ತಾಗಿಸಬೇಕು. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಕಂಬದ ಬಳಿಯೋ ಕಪ್ ಇಡುವ ಗುಳಿಯಲ್ಲೋ ಕೀ ಇಡುವ ಗುರುತು ಇರುತ್ತದೆ, ನಿಮ್ಮ ಗಾಡಿಯದನ್ನು ಇವತ್ತೇ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ. ಮೊದಲು ಹೇಳಿದ, ಸೆಲ್ ಬೇಡದ ಚಿಪ್ಪೇ ಇಲ್ಲಿ ಕೆಲಸ ಮಾಡುವುದು.

ಕೀ ಮಳೆಯಲ್ಲಿ ನೆನೆದರೆ, ಅಥವಾ ಪ್ಯಾಂಟಿನ ಜೇಬಿನಲ್ಲಿ ವಾಷಿಂಗ್ ಮಷೀನಿಗೆ ಹೋದರೆ, ಬಟನ್ ಒತ್ತಿ ಪರೀಕ್ಷೆ ಮಾಡಬೇಡಿ. ಕೂಡಲೇ ಬಿಚ್ಚಿ ಸೆಲ್ ತೆಗೆಯಿರಿ. ನೀರೊಂದೇ ಬೋರ್ಡನ್ನು ಅಷ್ಟು ಬೇಗ ಹಾಳುಮಾಡುವುದಿಲ್ಲ; ನೀರಿನ ಜೊತೆ 3 ವೋಲ್ಟ್ ಸೇರಿದರೆ ತಾಮ್ರದ ಗೆರೆಗಳು ಗಂಟೆಗಳಲ್ಲಿ ಕರಗತೊಡಗುತ್ತವೆ. ಐಪಿಎಯಿಂದ ಒರೆಸಿ, ಫ್ಯಾನಿನ ಗಾಳಿಗೆ ಒಂದು ದಿನ ಇಟ್ಟು, ಹೊಸ ಸೆಲ್ ಹಾಕಿ. ಹೇರ್ ಡ್ರೈಯರಿನ ಬಿಸಿಗೆ ಪ್ಲಾಸ್ಟಿಕ್ ಕೊಂಡಿಗಳು ಸೊಟ್ಟಗಾಗುತ್ತವೆ.

ಸೆಲ್ ಬೇಗ ಮುಗಿಯುವುದೇಕೆ

ಬಟನ್ ಒತ್ತಿದಾಗ ಮಾತ್ರ ಎಚ್ಚರವಾಗುವ ಹಳೆಯ ರಿಮೋಟಿನ ಸೆಲ್ ಮೂರು ನಾಲ್ಕು ವರ್ಷ ಬರುತ್ತದೆ. ನಿಮ್ಮ ಕ್ರೆಟಾದಂಥ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಸ್ಮಾರ್ಟ್ ಕೀ ಹಾಗಲ್ಲ. ಕಾರು ಕರೆಯುತ್ತದೆಯೇ ಎಂದು ಹಗಲೂ ರಾತ್ರಿ ಕಿವಿಗೊಟ್ಟು ಕೂತಿರುತ್ತದೆ. ಆ ಕಾಯುವಿಕೆಗೆ ಬರೀ 5 ಮೈಕ್ರೋಆಂಪ್ ಎಂದು ಹಿಡಿದರೂ ವರ್ಷಕ್ಕೆ 44 ಮಿಲಿಆಂಪ್-ಅವರ್ ಖರ್ಚು. ಇದರ ಮೇಲೆ ಕೀಯನ್ನು ಕಾರಿನ ಪಕ್ಕದಲ್ಲೇ, ಅಂದರೆ ಪಾರ್ಕಿಂಗ್ ಗೋಡೆಯ ಒಳಬದಿಯ ಮೊಳೆಗೆ ನೇತುಹಾಕಿದರೆ, ಅಥವಾ ಟಿವಿ, ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆಯ ಹತ್ತಿರ ಇಟ್ಟರೆ, ಅವುಗಳ ಕಾಂತಕ್ಷೇತ್ರ ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಒಂದು ವರ್ಷಕ್ಕೇ ಸೆಲ್ ಮುಗಿಯುವುದಕ್ಕೆ ಇದು ದೊಡ್ಡ ಕಾರಣ. ಇಂಥವುಗಳಿಂದ ಕನಿಷ್ಠ ಒಂದು ಮೀಟರ್, ಕಾರಿನಿಂದ ಎರಡು ಮೂರು ಮೀಟರ್ ದೂರವಿಡಿ.

ಬೀರುವಿನಲ್ಲಿಟ್ಟ ಎರಡನೇ ಕೀಯೂ ಹೀಗೆಯೇ ಕಿವಿಗೊಟ್ಟಿರುವುದರಿಂದ ಅದರ ಸೆಲ್ ಕೂಡ ಇಷ್ಟರಲ್ಲೇ ಮುಗಿಯಲಿದೆ. ಎರಡು ಸೆಲ್ ತಂದು ಎರಡನ್ನೂ ಒಂದೇ ದಿನ ಬದಲಿಸಿ.

ತೆಗೆದ ಸೆಲ್ಲಿನ ಬಗ್ಗೆ ಗಂಭೀರವಾಗಿರಿ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಭಾಗವನ್ನು ಎರಡು ಸಲ ಓದಿ. ಕೀಗೆ ಸಾಲದ ಹಳೆಯ ಸೆಲ್ಲಿನಲ್ಲೂ 2 ವೋಲ್ಟಿಗಿಂತ ಹೆಚ್ಚು ಉಳಿದಿರುತ್ತದೆ. 20 ಮಿಲಿಮೀಟರಿನ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಅದು ಒಡೆದು ಸೋರಬೇಕಾಗಿಲ್ಲ. ಒದ್ದೆ ಮಾಂಸದ ಮೂಲಕ ಕರೆಂಟ್ ಹರಿದು ಮೈನಸ್ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡತೊಡಗುತ್ತದೆ. ಮೂಗಿಗೆ ತುರುಕಿಕೊಂಡರೂ ಇದೇ ಅಪಾಯ.

ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ಅನ್ನ ನುಂಗಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಶಕ್ತವಾಗಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚದಂತೆ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಅದು ಸೆಲ್ಲಿಗೆ ಲೇಪನವಾಗಿ ಸುಡುವುದನ್ನು ನಿಧಾನಿಸುತ್ತದೆ. ಜೇನು ಹುಡುಕುತ್ತ ಮಾತ್ರ ಹೊತ್ತು ಕಳೆಯಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ.

ಆದ್ದರಿಂದ ಹಳೆಯ ಸೆಲ್ ಕೈಗೆ ಬಂದ ಕೂಡಲೇ ಎರಡೂ ಮುಖ ಮುಚ್ಚುವಂತೆ ಟೇಪ್ ಸುತ್ತಿ, ಎತ್ತರದಲ್ಲಿಡಿ. ಚಿಲ್ಲರೆ ಕಾಸಿನ ಡಬ್ಬಿಗೆ ಹಾಕಬೇಡಿ, ನಾಣ್ಯ ತಾಗಿ ಬಿಸಿಯಾಗುತ್ತದೆ. ಹಸಿ ಕಸಕ್ಕೂ ಒಲೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಡಿ ಇಂಥ ಸಣ್ಣ ಬ್ಯಾಟರಿಗಳೂ ಬರುತ್ತವೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಹೊಸ ಸೆಲ್ ಹಾಕಿದ ತಿಂಗಳು ವರ್ಷವನ್ನು ಕೀಯ ಒಳಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಸೆಲ್ ಒಂದೂವರೆ ವರ್ಷವೂ ಬಾರದಿದ್ದರೆ ಕೀ ಇಡುವ ಜಾಗ ಬದಲಿಸಿ ನೋಡಿ.